ಒಂದು ಕ್ರಯಪತ್ರ, ಎರಡು ನ್ಯಾಯಾಸನ: ಮೂರು ತೀರ್ಪುಗಳ ವಿಮರ್ಶೆ

ತುಮಕೂರು ಉಪವಿಭಾಗದಲ್ಲಿ ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳು ಸೇರಿವೆ. ಇಲ್ಲಿ ಜಮೀನಿನ ಕ್ರಯಪತ್ರವೊಂದು ವಿವಾದಕ್ಕೆ ಒಳಗಾದರೆ ಅದು ಒಂದೇ ಬಾಗಿಲಿನಲ್ಲಿ ನಿಲ್ಲುವುದಿಲ್ಲ. ಖಾತೆಯ ಬದಲಾವಣೆಯ ಮೇಲಿನ ಅಪೀಲು ತುಮಕೂರಿನ ಉಪವಿಭಾಗಾಧಿಕಾರಿಯ ಮುಂದೆ. ಹಕ್ಕಿನ ಘೋಷಣೆಯ ದಾವೆ ಸಿವಿಲ್ ನ್ಯಾಯಾಲಯದಲ್ಲಿ. ಖೋಟಾ ಪತ್ರದ ದೂರು ಠಾಣೆಯ ಮೂಲಕ ಮ್ಯಾಜಿಸ್ಟ್ರೇಟರ ಬಳಿ. ಕಂದಾಯದ ದಾರಿಯನ್ನು ಇಲ್ಲಿ ಬಿಡುತ್ತೇವೆ. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವು ಪಹಣಿಗೆ ಕೊಡುವುದು ಖಂಡಿಸಬಹುದಾದ ಒಂದು ಪೂರ್ವಭಾವನೆಯನ್ನಷ್ಟೆ. ಉಳಿದೆರಡರ ಸಂಬಂಧವೇ ವಿಚಾರಾರ್ಹವಾದುದು.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಗುಬ್ಬಿಯ ಕಡೆಯ ಒಬ್ಬ ವೃದ್ಧೆಯ ಎರಡೆಕರೆ ತೆಂಗಿನ ತೋಟವು ಆಕೆಯದೆನ್ನಲಾದ ಹೆಬ್ಬೆರಳ ಗುರುತಿನಿಂದ ಪರಾಧೀನವಾಗಿದೆ. ಗುರುತು ತನ್ನದಲ್ಲವೆಂದು ಆಕೆ ಹೇಳುತ್ತಾಳೆ. ದಾವೆಯೂ ಹೂಡಲ್ಪಟ್ಟಿತು, ದೂರೂ ದಾಖಲಾಯಿತು. ತನಿಖಾಧಿಕಾರಿ ಮೂಲಪತ್ರವನ್ನು ವಶಪಡಿಸಿಕೊಂಡು ಪರೀಕ್ಷೆಗೆ ಕಳುಹಿಸಿದನೆಂದರೆ ಸಿವಿಲ್ ದಾವೆಯಲ್ಲಿ ಸಾಕ್ಷಿಯನ್ನು ಪಾಟೀಸವಾಲು ಮಾಡಲು ಮೂಲಪತ್ರವಿಲ್ಲ. ದಾವೆ ಮುಂದಕ್ಕೆ ಹೋಗುತ್ತದೆ. ಇತ್ತ ಆರೋಪಿಯು ದಾವೆ ಬಾಕಿಯಿರುವುದನ್ನೇ ತೋರಿಸಿ ಮೊಕದ್ದಮೆ ನಿಲ್ಲಿಸಬೇಕೆಂದು ಬೇಡುತ್ತಾನೆ. ಈ ನಡುವೆ ಕಾಯಿ ಕೀಳುವವನು ಯಾರೆಂಬುದು ಮಾತ್ರ ತೀರ್ಮಾನವಾಗಿಯೇ ಇರುತ್ತದೆ.

ಇದರಲ್ಲೊಂದು ವೈಚಿತ್ರ್ಯವುಂಟು. ತಾಲ್ಲೂಕಿನಲ್ಲಿ ಸಿವಿಲ್ ನ್ಯಾಯಾಧೀಶರೂ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರೂ ಸಾಮಾನ್ಯವಾಗಿ ಒಬ್ಬರೇ. ಬೆಳಿಗ್ಗೆ ಕೇಳಿದ ಸಾಕ್ಷ್ಯವನ್ನು ಮಧ್ಯಾಹ್ನ ಮರೆಯಬೇಕೆಂದು ಶಾಸ್ತ್ರ ವಿಧಿಸುತ್ತದೆ.

ಯಾವುದು ಮೊದಲು ನಡೆಯಬೇಕೆಂಬ ಪ್ರಶ್ನೆಗೆ ಉಚ್ಚತಮ ನ್ಯಾಯಾಲಯವು 1954ರಲ್ಲಿ, ಷರೀಫ್ ಪ್ರಕರಣದಲ್ಲಿ, ಉತ್ತರ ಕೊಟ್ಟಿತು. ಕ್ರಿಮಿನಲ್ ವಿಚಾರಣೆಗೆ ಪ್ರಾಶಸ್ತ್ಯ. ಏಕೆಂದರೆ ಸಿವಿಲ್ ದಾವೆ ವರ್ಷಾನುಗಟ್ಟಲೆ ಎಳೆಯುತ್ತದೆ, ಸಾಕ್ಷಿಗಳ ನೆನಪು ಮಾಸುತ್ತದೆ. ಆದರೆ ಇದು ಕಟ್ಟುನಿಟ್ಟಿನ ನಿಯಮವಲ್ಲ. ದಾವೆ ಮುಗಿಯುವ ಹಂತದಲ್ಲಿದ್ದರೆ ಅದನ್ನೇ ಮುಗಿಸಬಹುದೆಂದೂ ನ್ಯಾಯಾಧೀಶರು ಸೂಚಿಸಿದರು. ಈ ವಿವೇಕವನ್ನು ನಾವು ಮೆಚ್ಚುತ್ತೇವೆ.

2005ರ ಮಾರ್ಚ್ 11ರ ಮರ್ವಾ ಪ್ರಕರಣದ ತೀರ್ಪು ಬೇರೊಂದು ತೊಡಕನ್ನು ಬಿಡಿಸಿತು. ನ್ಯಾಯಾಲಯದ ವಶದಲ್ಲಿರುವಾಗ ಪತ್ರವನ್ನು ತಿದ್ದಿದರೆ ಮಾತ್ರ ಆ ನ್ಯಾಯಾಲಯದ ಲಿಖಿತ ದೂರು ಅವಶ್ಯಕ. ಹೊರಗೆ ಸೃಷ್ಟಿಯಾಗಿ ಆಮೇಲೆ ಹಾಜರಾದ ಪತ್ರಕ್ಕೆ ಆ ಪ್ರತಿಬಂಧವಿಲ್ಲ. ಇಲ್ಲವಾದರೆ ಖೋಟಾಗಾರನು ತಾನೇ ದಾವೆ ಹೂಡಿ, ಪತ್ರವನ್ನು ಕಡತದೊಳಗಿಟ್ಟು, ರಕ್ಷಣೆ ಪಡೆಯುತ್ತಿದ್ದನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 215ನೆಯ ಪ್ರಕರಣ ಹಳೆಯ 195ರ ಸ್ಥಾನದಲ್ಲಿ ನಿಂತಿದೆ. ಇಷ್ಟರಮಟ್ಟಿಗೆ ತೀರ್ಪು ನಿರ್ವಿವಾದವಾದುದು.

ನಮ್ಮ ಆಕ್ಷೇಪಣೆಯಿರುವುದು ಅದರ ಕೊನೆಯ ಭಾಗಕ್ಕೆ. ಎರಡು ನ್ಯಾಯಾಲಯಗಳ ನಿರ್ಣಯ ಪರಸ್ಪರ ವಿರುದ್ಧವಾಗಬಹುದೆಂಬ ವಾದಕ್ಕೆ, ಪ್ರಮಾಣದ ಮಟ್ಟಗಳು ಬೇರೆ, ಒಂದರ ನಿರ್ಣಯ ಇನ್ನೊಂದನ್ನು ಬಂಧಿಸದು ಎಂದು ಪೀಠ ಉತ್ತರಿಸಿತು. ಬಿಡುಗಡೆಯ ಮಟ್ಟಿಗೆ ಈ ತರ್ಕ ಸರಿ: ಸಂಶಯದ ಲಾಭದಿಂದ ಆರೋಪಿ ಬಿಡುಗಡೆಯಾದನೆಂದ ಮಾತ್ರಕ್ಕೆ ಹೆಬ್ಬೆರಳ ಗುರುತು ಆಕೆಯದಾಗುವುದಿಲ್ಲ. ಶಿಕ್ಷೆಯಾದರೆ? ಸಂಶಯಾತೀತವಾಗಿ ಸಿದ್ಧವಾದುದು ಸಂಭಾವ್ಯತೆಯ ತಕ್ಕಡಿಯಲ್ಲಿ ಹಗುರಾಗಲು ಕಾರಣವೇನು? ಮಟ್ಟದ ಭೇದ ಇದಕ್ಕೆ ಉತ್ತರವಾಗದು. ನಿಜವಾದ ಉತ್ತರ ಬೇರೆ: ತೋಟವನ್ನು ಅನಂತರ ಕೊಂಡವನು ಕ್ರಿಮಿನಲ್ ವಿಚಾರಣೆಯಲ್ಲಿ ಪಕ್ಷಗಾರನಲ್ಲ, ಅವನ ಮಾತು ಕೇಳದೆ ಅವನ ಹಕ್ಕನ್ನು ಕಳೆಯಲಾಗದು. ತೀರ್ಪು ಈ ಕಾರಣವನ್ನು ಹೇಳಿ ನಿಂತಿದ್ದರೆ ಬೋಧಿಸುವವರಿಗೆ ಅನುಕೂಲವಾಗುತ್ತಿತ್ತು.

2009ರ ಮೊಹಮ್ಮದ್ ಇಬ್ರಾಹಿಂ ಪ್ರಕರಣವನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಓದಬೇಕು. ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ಆರ್. ವಿ. ರವೀಂದ್ರನ್. ಮಾಲೀಕನೆಂದು ನಟಿಸಿ ಬರೆದುಕೊಡುವುದು ಬೇರೆ. ಪರರ ಸ್ವತ್ತನ್ನು ತನ್ನದೆಂದು ಹೇಳಿ ತನ್ನ ಹೆಸರಿನಲ್ಲೇ ಬರೆದುಕೊಡುವುದು ಬೇರೆ. ಎರಡನೆಯದು ಸುಳ್ಳಾಗಿರಬಹುದು, ಖೋಟಾ ದಸ್ತಾವೇಜಲ್ಲ. ಕನ್ನಡದ ದೂರುಗಳಲ್ಲಿಯಾದರೋ ಎರಡಕ್ಕೂ ‘ದಾಖಲೆ ಸೃಷ್ಟಿಸಿ’ ಎಂಬ ಒಂದೇ ಮಾತು. ಅಣ್ಣನು ಅವಿಭಕ್ತ ಜಮೀನನ್ನೆಲ್ಲ ತನ್ನದೆಂದು ಮಾರಿದಾಗ ತಂಗಿಯ ದೂರು ಈ ಮಾತಿನಿಂದಲೇ ಆರಂಭವಾಗಿ ಈ ಮಾತಿನಿಂದಲೇ ಬಿದ್ದುಹೋಗುತ್ತದೆ. ಆಕೆಗೆ ಬೇಕಾದುದು ವಿಭಾಗದ ದಾವೆ.

ಹಾಗಾದರೆ ಜನರು ಠಾಣೆಗೇಕೆ ಓಡುತ್ತಾರೆ? ಒತ್ತಡ ಹೇರುವ ಆಸೆಯೊಂದೇ ಕಾರಣವೆಂದು ನಾವು ಒಪ್ಪುವುದಿಲ್ಲ. ಪತ್ರದ ರದ್ದತಿಗೆ 1963ರ ಕಾಲಮಿತಿ ಅಧಿನಿಯಮದ 59ನೆಯ ಅನುಚ್ಛೇದ ಕೊಡುವುದು, ವಿಷಯ ತಿಳಿದಂದಿನಿಂದ ಮೂರು ವರ್ಷ. ಕ್ರಯಪತ್ರದ ಖೋಟಾಕ್ಕೆ ಜೀವಾವಧಿಯವರೆಗೆ ಶಿಕ್ಷೆಯಿರುವುದರಿಂದ ಆ ದೂರಿಗೆ ಕಾಲಮಿತಿಯೇ ಇಲ್ಲ. ಖೋಟಾ ಪತ್ರ ಮೂಲತಃ ಶೂನ್ಯ, ಸ್ವಾಧೀನದ ದಾವೆಗೆ ಹನ್ನೆರಡು ವರ್ಷವುಂಟೆಂಬ ಸೂಕ್ಷ್ಮವನ್ನು ಹಳ್ಳಿಯ ಕಕ್ಷಿಗಾರನಿಗೆ ಹೇಳುವವರು ಕಡಿಮೆ.

ಬರಹ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಕಲ್ಯಾಣದಲ್ಲಿ ಕುಳಿತು ವಿವರಿಸಿದ ವಿಜ್ಞಾನೇಶ್ವರನಿಗೆ ಒಂದೇ ಬರಹವನ್ನು ಎರಡು ಕಡೆ ಪರೀಕ್ಷಿಸುವ ಈ ಕ್ರಮ ಅಪರಿಚಿತವಾಗಿ ತೋರಿದ್ದೀತು. ನಮ್ಮ ಸಲಹೆ ಸಣ್ಣದು. ಹೆಬ್ಬೆರಳ ಗುರುತಿನ ಪರೀಕ್ಷೆ ಒಮ್ಮೆಯೇ ನಡೆಯಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದ 10ಎ ನಿಯಮದಂತೆ ವೈಜ್ಞಾನಿಕ ಪರೀಕ್ಷೆಗೆ ಆಯುಕ್ತರನ್ನು ನೇಮಿಸುವ ಅಧಿಕಾರ ಇದ್ದೇ ಇದೆ. ಉಪನೋಂದಣಾಧಿಕಾರಿಯ ಕಚೇರಿಯ ಹೆಬ್ಬೆರಳ ಪುಸ್ತಕವನ್ನು ಕಕ್ಷಿಗಳೆಲ್ಲರ ಸಮಕ್ಷಮದಲ್ಲಿ ತರಿಸಿ, ಮೂಲಪತ್ರ ಪೋಲೀಸರ ಕೈಗೆ ಹೋಗುವ ಮೊದಲೇ ಹೋಲಿಕೆ ಮುಗಿಸಿದರೆ, ಪರೀಕ್ಷಿಸಿದ ತಜ್ಞನನ್ನು ಎರಡು ವಿಚಾರಣೆಗಳಲ್ಲಿಯೂ ಸಾಕ್ಷಿಯಾಗಿ ಕರೆಯಬಹುದು. ವೃದ್ಧೆಯು ಬೆರಳನ್ನು ಒಮ್ಮೆ ಒತ್ತಿದರೆ ಸಾಕು.