ನೆಗೆತದ ಲೆಕ್ಕ

ದಾವಣಗೆರೆಯಲ್ಲಿ 1951ರ ಯುಬಿಡಿಟಿ ಇರಲಿ, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಇರಲಿ, ಓದಿಸುತ್ತಿದ್ದುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯವನ್ನೇ. ಅದರ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಆರನೇ ಸೆಮಿಸ್ಟರ್‌ನಲ್ಲಿ ಗ್ರಾಫಿಕ್ಸ್ ಲ್ಯಾಬ್, ಜೊತೆಗೊಂದು ಓಪನ್‌ಜಿಎಲ್ ಮಿನಿ ಪ್ರಾಜೆಕ್ಟ್ ಇತ್ತು. ಬ್ರೆಸೆನ್‌ಹ್ಯಾಮ್ ಗೆರೆ, ತಿರುಗುವ ಘನ, ಬೆಜಿಯರ್ ರೇಖೆಯಿಂದ ಹಾರಾಡುವ ಬಾವುಟ, ಇವೆಲ್ಲ ಮುಗಿದ ಮೇಲೆ ಪ್ರಾಜೆಕ್ಟಿಗೆ ಅನೇಕರು ಹಿಡಿಯುತ್ತಿದ್ದುದು ಒಂದು ಟೂಡಿ ಆಟವನ್ನು. ಬಣ್ಣ, ಆಕಾರ, ಮೆನು ಎಲ್ಲ ಅಚ್ಚುಕಟ್ಟಾಗಿರುತ್ತದೆ. ಪಾತ್ರ ಓಡಿ ನೆಗೆಯಲು ಶುರುಮಾಡಿದಾಗ ಬಂಡವಾಳ ಬಯಲಾಗುತ್ತದೆ. ಇಂಥ ಲ್ಯಾಬ್ ಚಿತ್ರ ಬರೆಯುವುದನ್ನು ಕಲಿಸುತ್ತದೆ, ಚಲನೆಯನ್ನು ಕಲಿಸುವುದಿಲ್ಲ ಎಂಬುದೇ ನನ್ನ ತಕರಾರು.

ಇಂಥ ಕೋಡ್‌ನಲ್ಲಿ ಪದೇ ಪದೇ ಕಾಣುವ ಸಾಲು, ಪ್ರತಿ ಫ್ರೇಮ್‌ಗೆ ಪಾತ್ರದ ಎಕ್ಸ್ ಸ್ಥಾನಕ್ಕೆ 5 ಕೂಡಿಸುವುದು. ಸೆಕೆಂಡಿಗೆ 60 ಫ್ರೇಮ್ ಓಡಿಸುವ ಯಂತ್ರದಲ್ಲಿ ಪಾತ್ರದ ವೇಗ 300 ಪಿಕ್ಸೆಲ್, 144 ಫ್ರೇಮ್‌ನದರಲ್ಲಿ 720. ಆಟ ಒಂದೇ, ಆದರೆ ಎರಡನೆಯದನ್ನು ಆಡುವುದೇ ಕಷ್ಟ. ವೇಗವನ್ನು ಕಳೆದ ಕಾಲದಿಂದ ಗುಣಿಸಿದರೆ ಓಟ ಸರಿಹೋಗುತ್ತದೆ, ನೆಗೆತ ಅಷ್ಟಕ್ಕೇ ಬಗ್ಗುವುದಿಲ್ಲ. 96 ಪಿಕ್ಸೆಲ್ ಎತ್ತರವನ್ನು 0.4 ಸೆಕೆಂಡಿನಲ್ಲಿ ಮುಟ್ಟಬೇಕೆಂದುಕೊಳ್ಳಿ. ಪಿಯುಸಿ ಭೌತಶಾಸ್ತ್ರವೇ ಸಾಕು: ಗುರುತ್ವ 1200, ಆರಂಭದ ವೇಗ 480. ಆದರೆ ಪ್ರತಿ ಫ್ರೇಮ್‌ನಲ್ಲಿ ಮೊದಲು ವೇಗ ತಗ್ಗಿಸಿ, ಆಮೇಲೆ ಪಾತ್ರವನ್ನು ಸರಿಸಿದರೆ 60 ಫ್ರೇಮ್‌ನಲ್ಲಿ ಅದು ಏರುವುದು 92 ಪಿಕ್ಸೆಲ್, 30ರಲ್ಲಿ 88 ಮಾತ್ರ. 90 ಪಿಕ್ಸೆಲ್ ಎತ್ತರದ ಕಟ್ಟೆಯೊಂದನ್ನು ಇಟ್ಟಿದ್ದರೆ ಹಳೆಯ ಲ್ಯಾಪ್‌ಟಾಪಿನವನು ಎಷ್ಟು ನೆಗೆದರೂ ಹತ್ತಲಾರ, ತಪ್ಪು ತನ್ನ ಬೆರಳಿನದೆಂದೇ ಅಂದುಕೊಳ್ಳುತ್ತಾನೆ. ಪರದೆ ಯಾವ ವೇಗದಲ್ಲಿದ್ದರೂ ಚಲನೆಯ ಲೆಕ್ಕವನ್ನು ನಿಗದಿತ ಅವಧಿಗೊಮ್ಮೆ ಮಾಡುವುದು ಇದಕ್ಕೆ ಮದ್ದು. ಹತ್ತಿಪ್ಪತ್ತು ಸಾಲಿನ ಕೆಲಸ.

ಹಳೆಯ ನಿಂಟೆಂಡೊ ಆಟಗಳೂ ಫ್ರೇಮನ್ನೇ ನಂಬಿದ್ದವಲ್ಲ ಎನ್ನಬಹುದು. ನಿಜ, ಆದರೆ ಅಲ್ಲಿ ಯಂತ್ರ ಒಂದೇ ಬಗೆಯದು, ಟಿವಿಯ 60 ಹರ್ಟ್ಸ್‌ಗೆ ಕಟ್ಟಿದ್ದು. ಯುರೋಪಿನ 50 ಹರ್ಟ್ಸ್ ಟಿವಿಗೆ ಹೋದಾಗ ಎಷ್ಟೋ ಆಟಗಳು ನಿಧಾನವಾದವು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಈಗ ಯೂನಿಟಿ, ಗೊಡೊ ಎಂಬ ಗೇಮ್ ಎಂಜಿನ್‌ಗಳಿವೆ, ಈ ತಲೆನೋವು ಅವುಗಳದ್ದು. ಹೌದು, ಯೂನಿಟಿ 0.02 ಸೆಕೆಂಡಿಗೊಮ್ಮೆ, ಗೊಡೊ ಸೆಕೆಂಡಿಗೆ 60 ಸಲ ಭೌತದ ಲೆಕ್ಕ ಹಾಕುತ್ತವೆ. ಆದರೆ ಗೊಡೊ 4ರ ಸಿದ್ಧ ಮಾದರಿಯಲ್ಲಿ ನೆಗೆತದ ವೇಗ 400, ಗುರುತ್ವ 980. ಹಾಗೇ ಬಿಟ್ಟರೆ ಸೂತ್ರದ ಪ್ರಕಾರ ಪಾತ್ರ ಏರುವುದು ಸುಮಾರು 82 ಪಿಕ್ಸೆಲ್. ನಿಮ್ಮ ಕಟ್ಟೆ ಎಷ್ಟು ಎತ್ತರ ಎಂಬುದು ಎಂಜಿನ್‌ಗೆ ಗೊತ್ತಿಲ್ಲ. 2018ರ ‘ಸೆಲೆಸ್ಟ್’ ಆಟದಲ್ಲಿ ಅಂಚು ದಾಟಿದ ಮೇಲೂ 0.1 ಸೆಕೆಂಡು ನೆಗೆಯಲು ಬಿಡುತ್ತಾರೆ. ನೆಗೆತದ ತುದಿಯಲ್ಲಿ, ಗುಂಡಿ ಒತ್ತಿಹಿಡಿದಷ್ಟು ಹೊತ್ತು, ಗುರುತ್ವ ಅರ್ಧಕ್ಕಿಳಿಯುತ್ತದೆ. ನ್ಯೂಟನ್ ಒಪ್ಪದ, ಆಡುವವನ ಕೈಗೆ ಒಪ್ಪುವ ಇಂಥ ತೀರ್ಮಾನಗಳನ್ನು ಯಾವ ಎಂಜಿನ್ನೂ ತಾನಾಗಿ ತೆಗೆದುಕೊಳ್ಳದು. ನಿಯಮ ಗೊತ್ತಿದ್ದವನಿಗೆ ಅದನ್ನು ಎಲ್ಲಿ ಮುರಿಯಬೇಕೆಂಬುದೂ ಹೊಳೆಯುತ್ತದೆ.

ಇದು ಗ್ರಾಫಿಕ್ಸ್ ಲ್ಯಾಬ್, ಗೇಮ್ ಕೋರ್ಸ್ ಅಲ್ಲ ಎನ್ನುವ ಅಧ್ಯಾಪಕರ ಮಾತನ್ನು ಅರ್ಧ ಒಪ್ಪುತ್ತೇನೆ. ಹಾಗಿದ್ದರೆ ಆಟವನ್ನು ಪ್ರಾಜೆಕ್ಟಾಗಿ ಒಪ್ಪಬಾರದು. ಒಪ್ಪಿದ ಮೇಲೆ ಅದನ್ನು ಆಟವಾಗಿಯೇ ಪರೀಕ್ಷಿಸಬೇಕು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ದಶಕಗಟ್ಟಲೆ ಲೇಥ್ ತಯಾರಿಸಿತು. ಲೇಥ್ ತಿರುಗಿದರೆ ಸಾಲದು, ಕಡೆದ ತುಂಡು ಅಳತೆಗೆ ಬರಬೇಕು. ಪ್ರಾಜೆಕ್ಟ್ ನೋಡುವ ಪರೀಕ್ಷಕರು ಅದೇ ಆಟವನ್ನು ಒಮ್ಮೆ 60 ಫ್ರೇಮ್‌ನಲ್ಲಿ, ಒಮ್ಮೆ 30ಕ್ಕೆ ಇಳಿಸಿ ಓಡಿಸಲಿ. ಪಾತ್ರ ಎರಡರಲ್ಲೂ ಅದೇ ಕಟ್ಟೆ ಹತ್ತಿದರೆ ಮಾತ್ರ ಪೂರ್ತಿ ಅಂಕ ಕೊಡಲಿ.