ವಿಕೇಂದ್ರೀಕರಣ: ಯಾರ ಊರು, ಯಾರ ಕೇರಿ?

'ವಿಕೇಂದ್ರೀಕರಣ' ಎಂಬ ಮಾತು ಕೇಳಿದ ಕೂಡಲೇ ನಮ್ಮ ಪ್ರಗತಿಪರ ಮಿತ್ರರ ಮುಖ ಅರಳುತ್ತದೆ. ದಲಿತ ವಿಮರ್ಶೆಗೆ ಅಷ್ಟು ಸಲೀಸಾಗಿ ಖುಷಿಪಡಲು ಬರುವುದಿಲ್ಲ. 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹಳ್ಳಿಯ ವೈಭವೀಕರಣವನ್ನು ಖಂಡಿಸಿ, ಗ್ರಾಮದ ಬದಲು ವ್ಯಕ್ತಿಯನ್ನು ಘಟಕವಾಗಿಟ್ಟ ಕರಡನ್ನು ಸಮರ್ಥಿಸಿಕೊಂಡರು. ಅಧಿಕಾರ ದಿಲ್ಲಿಯಿಂದ ಊರಿಗೆ ಬಂದರೆ ಸಾಲದು. ಊರಿನಿಂದ ಕೇರಿಗೆ ಬಂತೇ? ಈ ಪ್ರಶ್ನೆಯನ್ನು ಇವತ್ತು ಸಾಮಾಜಿಕ ಜಾಲಗಳಿಗೂ ಕೇಳಬೇಕಾಗಿದೆ.

2016ರಲ್ಲಿ ಶುರುವಾದ ಮಾಸ್ಟೊಡಾನ್ ಜಾಲದಲ್ಲಿ ಎಲ್ಲವೂ ಒಬ್ಬ ಧಣಿಯ ಕೈಯಲ್ಲಿಲ್ಲ. ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು. 'ಆಕ್ಟಿವಿಟಿಪಬ್' ಎಂಬ ಸಾಮಾನ್ಯ ನಿಯಮದಿಂದಾಗಿ, ಬೇರೆ ಬೇರೆ ಅಂಚೆ ಕಚೇರಿಗಳ ನಡುವೆ ಕಾಗದ ಓಡಾಡಿದ ಹಾಗೆ, ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು. 2023ರಲ್ಲಿ ಮೆಟಾ ಕಂಪನಿ 'ಥ್ರೆಡ್ಸ್' ತಂದು, ತಾನೂ ಈ ಜಾಲಕ್ಕೆ ಕೊಂಡಿ ಹಾಕುತ್ತೇನೆ ಅಂದಿತು; 2024ರಲ್ಲಿ ಹಾಕತೊಡಗಿತು. ಅದು ಬಾಗಿಲಿಗೆ ಬರುವ ಮೊದಲೇ ಅನೇಕ ಸಣ್ಣ ಸರ್ವರುಗಳ ನಿರ್ವಾಹಕರು ಕೊಂಡಿ ಕಡಿಯುವ ಪ್ರತಿಜ್ಞೆ ಮಾಡಿದ್ದರು.

ಇದು ನಮಗೆ ದೂರದ ಜಗಳವಲ್ಲ. 2019ರ ಕೊನೆಗೆ ಟ್ವಿಟರ್ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಅಮಾನತು ಮಾಡಿತು. ಅದೇ ದಿನಗಳಲ್ಲಿ ದಲಿತ-ಬಹುಜನ ಬರಹಗಾರರು ನೀಲಿ ಗುರುತು ಕೊಡುವುದರಲ್ಲಿಯೂ ಜಾತಿ ಇದೆಯೆಂದು ದನಿಯೆತ್ತಿದರು. ಬಹಳ ಜನ ಮಾಸ್ಟೊಡಾನಿಗೆ ಹೋದರು. ಹಲವರು ಬೇಗನೆ ಮರಳಿಯೂ ಬಂದರು. ನೆಂಟರಿಷ್ಟರಿಲ್ಲದ ಊರಿಗೆ ಗುಳೆ ಹೋದವರು ಎಷ್ಟು ದಿನ ನಿಂತಾರು?

ಹಂಗಾದ್ರೆ ಕೊಂಡಿ ಬೇಕೋ, ಬೇಡವೋ? ಕೊಂಡಿ ಕಡಿಯುವುದೆಲ್ಲ ಒಂದೇ ಅಲ್ಲ. ಮೇಲಿನವನು ಬಾವಿ ಮುಟ್ಟಬೇಡ ಅಂದರೆ ಅದು ಬಹಿಷ್ಕಾರ. ಬೈಗುಳದ ಹಿಂಡು ನುಗ್ಗದ ಹಾಗೆ ಕೇರಿಯವರು ಬಾಗಿಲು ಹಾಕಿಕೊಂಡರೆ ಅದು ಆತ್ಮರಕ್ಷಣೆ. ಆದರೆ 'ದೊಡ್ಡ ಕಂಪನಿಯ ಸೋಂಕೇ ಬೇಡ' ಎಂಬ ಹಟದಲ್ಲಿ ಮಡಿಯ ವಾಸನೆ ಇದೆ. ಸಣ್ಣ ಸರ್ವರಿಗೂ ಒಬ್ಬ ಪಟೇಲ ಇರುತ್ತಾನೆ. ಜರ್ಮನಿಯಲ್ಲಿ ಕೂತ ನಿರ್ವಾಹಕನಿಗೆ ಕನ್ನಡದ ಜಾತಿಬೈಗುಳ ಅರ್ಥವಾಗುತ್ತದೆಯೇ? ಬೆಂಗಳೂರಿನವನಿಗೆ ಅರ್ಥವಾದರೂ ನೋಯುತ್ತದೆಯೇ?

ಈ ಗೊಂದಲಕ್ಕೆ ನಮ್ಮ ಚರಿತ್ರೆಯಲ್ಲೇ ದಾರಿ ಇದೆ. 'ಮೂಕನಾಯಕ'ದ ಜಾಹೀರಾತನ್ನು, ದುಡ್ಡು ಕೊಡುತ್ತೇವೆಂದರೂ, 'ಕೇಸರಿ' ಪ್ರಕಟಿಸಲಿಲ್ಲ. ಶಾಹೂ ಮಹಾರಾಜರ 2,500 ರೂಪಾಯಿ ನೆರವಿನಿಂದ 1920ರ ಜನವರಿ 31ರಂದು ಪತ್ರಿಕೆ ಹೊರಬಂತು. ದುಡ್ಡು ಅರಮನೆಯದು, ಲೇಖನಿ ಮಾತ್ರ ತಮ್ಮದು. 1927ರಲ್ಲಿ ಅಂಬೇಡ್ಕರ್ 'ಬಹಿಷ್ಕೃತ ಭಾರತ' ಶುರು ಮಾಡಿದರು. ಅದೇ ವರ್ಷ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ನಮ್ಮದೇ ಪತ್ರಿಕೆ ಇದೆಯಲ್ಲ, ಊರ ಕೆರೆ ಯಾಕೆ ಎನ್ನಲಿಲ್ಲ. ಕೆರೆ ಸಿಕ್ಕರೆ ಪತ್ರಿಕೆ ಯಾಕೆ ಎಂದೂ ಅನ್ನಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಇರೋದು ವಾಟ್ಸ್ಯಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ. ಮೂರಕ್ಕೂ ಮೆಟಾನೇ ಧಣಿ. ಅದನ್ನು ಬಿಟ್ಟು ಬನ್ನಿ ಅನ್ನುವುದೆಂದರೆ ತಮ್ಮ ಜನರನ್ನೇ ಬಿಟ್ಟು ಬನ್ನಿ ಅಂದ ಹಾಗೆ. ಆದರೆ ಇವತ್ತಿನ ದಲಿತ ವಿಮರ್ಶೆಯ ಎಷ್ಟೋ ಒಳ್ಳೆಯ ಜಗಳಗಳು ಫೇಸ್‌ಬುಕ್ಕಿನಲ್ಲಿ ಹುಟ್ಟಿ ವಾರದಲ್ಲೇ ಮುಳುಗಿಹೋಗುತ್ತಿವೆ. ಖಾತೆ ಹೋದರೆ ಬರಹವೂ ಹೋಯಿತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಿಂದ ರಾಘವೇಂದ್ರ ಪಾಟೀಲರು 'ಸಂವಾದ' ತಂದರು. ಅದರ ಹಳೆಯ ಸಂಚಿಕೆ ಯಾರದೋ ಮನೆಯ ಅಟ್ಟದ ಮೇಲಿದ್ದರೂ ಓದಲು ಸಿಗುತ್ತದೆ. ಹಳ್ಳಿಯಿಂದ ಹೊರಟ ಪತ್ರಿಕೆಗೆ ಇದ್ದ ಈ ಆಯುಸ್ಸು ಕೋಟಿಗಟ್ಟಲೆ ಬಂಡವಾಳದ ಜಾಲದಲ್ಲಿ ನಮ್ಮ ಬರಹಕ್ಕಿಲ್ಲ.

ಆದ್ದರಿಂದ ಕೊಂಡಿ ಇರಲಿ, ಷರತ್ತಿನ ಮೇಲೆ ಇರಲಿ. ಮೂಲ ಬರಹ ನಮ್ಮ ಜಾಗದಲ್ಲಿರಬೇಕು. ದೊಡ್ಡ ಜಾಲಕ್ಕೆ ಹೋಗುವುದು ಅದರ ಪ್ರತಿ. ನಿಯಮಗಳು ಕನ್ನಡದಲ್ಲಿರಬೇಕು. ಕೊಂಡಿಯನ್ನು ಯಾವಾಗ ಕಡಿಯಬೇಕೆಂದು ಹೇಳುವ ಹಕ್ಕು ಬೈಗುಳ ತಿಂದವರಿಗೆ, ಅದರಲ್ಲೂ ದಲಿತ ಹೆಣ್ಣುಮಕ್ಕಳಿಗೆ ಇರಬೇಕು. ಸರ್ವರಿನ ಕೀಲಿ ಹಿಡಿದ ಒಬ್ಬನಿಗಲ್ಲ. ಇದಕ್ಕೆ ದುಡ್ಡು ಬೇಕು, ಹಗಲಿರುಳು ಕಾಯುವವರು ಬೇಕು, ನಿಜ. ಚಂದಾ ಎತ್ತಿ ಪತ್ರಿಕೆ ನಡೆಸಿದ ಚಳುವಳಿಗೆ ಇದು ಹೊಸ ಕಷ್ಟವೇನಲ್ಲ. ಧಣಿಯ ಜಗಲಿಯಲ್ಲಿ ಕೂತು ಧಣಿಯನ್ನು ಬೈಯುವುದಷ್ಟನ್ನೇ ಬಂಡಾಯ ಅಂದುಕೊಂಡಿದ್ದರೆ ಮಾತ್ರ ಇದು ಕಷ್ಟ ಅನ್ನಿಸೀತು.