ಕಾಂಟ್ಯಾಕ್ಟರಿಗೊಂದು ಚಿಹ್ನೆ

ಹಳಿಯಾಳದ ಸುತ್ತಿನ ಊರುಗಳಲ್ಲಿ ಜನ ನಿಜವಾಗಿ ಬಳಸುವ ಸರ್ಕ್ಯೂಟ್ ಚಿತ್ರ ಯಾವುದೆಂದು ಯಾರಾದರೂ ಕೇಳಿದರೆ, ಅವರನ್ನು ಕಬ್ಬಿನ ಗದ್ದೆಯ ಬದುವಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಇರುತ್ತದೆ. ಮುಚ್ಚಳ ತೆರೆದರೆ ಒಳಮೈಗೆ ಅಂಟಿಸಿದ ಕಾಗದ. ಅದರ ಮೇಲೆ ಮೂರು ಉದ್ದ ಗೆರೆ, ಒಂದು ಕಾಯಿಲ್, ಎರಡು ಗುಂಡಿಗಳ ಗುರುತು. ಮಳೆಗಾಲದ ತೇವವೂ ಗ್ರೀಸ್ ಮೆತ್ತಿದ ಬೆರಳುಗಳೂ ಸೇರಿ ಕೆಲವೇ ವರ್ಷಗಳಲ್ಲಿ ಅದನ್ನು ಓದಲಾಗದಂತೆ ಮಾಡುತ್ತವೆ. ಮೋಟಾರ್ ಏಳದ ದಿನ ವೈರ್‌ಮನ್ ಮೊದಲು ಹುಡುಕುವುದು ಅದನ್ನೇ. ಆ ಚಿತ್ರವನ್ನು ಅಕ್ಷರಜೋಡಣೆಯ ಕೋಡಿನಲ್ಲಿ ಹೊಸದಾಗಿ ಬರೆಯುವುದು, ಅದರಲ್ಲೂ ಚಿಹ್ನೆಗಳನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳುವುದು ಈ ವಾರದ ವಿಷಯ.

ಇದಕ್ಕೆ ನಾನು ಬಳಸುವುದು ಸರ್ಕ್ಯುಟಿಕ್ಸ್. ಗಣಿತದ ಪುಸ್ತಕಗಳು ಅಂದವಾಗಿ ಅಚ್ಚಾಗಬೇಕೆಂದು ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಬರೆದರು. ಮುಂದಿನ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಕಟ್ಟಿದರು. ಚಿತ್ರ ಬರೆಯಲು ಟಿಲ್ ಟಾಂಟೌ ಅವರ ಟಿಕ್ಸ್ ಬಂತು. 2007ರಲ್ಲಿ ಇಟಲಿಯ ಮಾಸ್ಸಿಮೊ ರೆಡಾಯೆಲ್ಲಿ ವಿದ್ಯುತ್ ಚಿಹ್ನೆಗಳ ಸಂಗ್ರಹವೊಂದನ್ನು ಟಿಕ್ಸ್‌ಗೆ ಜೋಡಿಸಿದರು; ಅದೇ ಸರ್ಕ್ಯುಟಿಕ್ಸ್. ಇವತ್ತು ರೊಮಾನೊ ಜಿಯಾನೆಟ್ಟಿ ಮತ್ತು ಜೊತೆಗಾರರು ಅದನ್ನು ಬೆಳೆಸುತ್ತಿದ್ದಾರೆ. ಎಲ್ಲವೂ ಉಚಿತ. ಹಳೆಯ ಲ್ಯಾಪ್‌ಟಾಪ್ ಇದ್ದರೂ ಸಾಕು.

ಮೌಸ್ ಹಿಡಿದು ಎಳೆಯುವ ಕೆಲಸ ಇಲ್ಲಿಲ್ಲ. ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆ, ನಡುವೆ ‘ಆರ್’ ಇರಲಿ, ಅದರ ಹೆಸರು ಆರ್‌1 ಎಂದು ಬರೆದರೆ ರೆಸಿಸ್ಟರ್ ಮೂಡುತ್ತದೆ. ಆ ರೆಸಿಸ್ಟರ್ ಅಂಕುಡೊಂಕು ಗೆರೆಯಾಗಿ ಕಾಣಬೇಕೋ ಆಯತವಾಗಿ ಕಾಣಬೇಕೋ ಎಂಬ ಮಾತು ಆ ಸಾಲಿನಲ್ಲಿ ಇಲ್ಲವೇ ಇಲ್ಲ. ವಸ್ತು ಯಾವುದು ಎಂಬುದನ್ನು ಒಂದು ಕಡೆ ಹೇಳುತ್ತೇವೆ, ಅದರ ರೂಪವನ್ನು ಇನ್ನೊಂದು ಕಡೆ, ಒಂದೇ ಸಲ, ತೀರ್ಮಾನಿಸುತ್ತೇವೆ. ಈ ವಿಂಗಡಣೆಗಾಗಿಯೇ ನಾನು ಕೋಡಿನ ಚಿತ್ರಗಳನ್ನು ಇಷ್ಟಪಡುತ್ತೇನೆ. ಐವತ್ತು ಚಿತ್ರಗಳ ಕೈಪಿಡಿಯೊಂದನ್ನು ಅಮೆರಿಕನ್ ರೂಪದಿಂದ ಯುರೋಪಿನ ರೂಪಕ್ಕೆ ತಿರುಗಿಸಲು ಒಂದು ಪದ ಬದಲಾಯಿಸಿದರೆ ಆಯಿತು.

ಎರಡು ರೂಪಗಳ ಈ ಪ್ರಶ್ನೆ ನಮ್ಮ ಕಡೆಯ ಹುಡುಗರಿಗೂ ಎದುರಾಗುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ರೆಸಿಸ್ಟರ್ ಅಂಕುಡೊಂಕು. ಕೈಗಾರಿಕೆಯ ನಕ್ಷೆಗಳಲ್ಲಿ ಅದು ಆಯತ. ಅಂತರರಾಷ್ಟ್ರೀಯ ವಿದ್ಯುತ್ ಆಯೋಗದ, ಅಂದರೆ ಐಇಸಿಯ, 60617ನೇ ಮಾನಕ ಹೇಳುವುದು ಹಾಗೆ. ನಮ್ಮ ಮಾನಕ ಬ್ಯೂರೋದ ಐಎಸ್ 12032 ಸರಣಿಯೂ ಅದೇ ದಾರಿ ಹಿಡಿದಿದೆ. ಶಾಲೆಯ ಟಿಪ್ಪಣಿಯಾದರೆ ನಾನು ಅಂಕುಡೊಂಕನ್ನೇ ಇಡುತ್ತೇನೆ, ಮಕ್ಕಳಿಗೆ ಗೊತ್ತಿರುವುದು ಅದು. ಸ್ಟಾರ್ಟರ್ ಡಬ್ಬಿಗೆ ಮಾತ್ರ ಐಇಸಿ ರೂಪವೇ ಸರಿ; ಡಬ್ಬಿಯೊಳಗೆ ಮೋಟಾರನ್ನು ಕೂಡಿಸಿ ಬಿಡಿಸುವ ಸ್ವಿಚ್ಚೇ ಕಾಂಟ್ಯಾಕ್ಟರ್, ಅಂಗಡಿಯಿಂದ ಬರುವ ಪ್ರತಿ ಕಾಂಟ್ಯಾಕ್ಟರಿನ ಮೈಮೇಲೆ ಅಚ್ಚಾಗಿರುವ ಸಣ್ಣ ಚಿತ್ರ ಆ ರೂಪದ್ದು.

ಚಿಹ್ನೆ ತಿದ್ದುವುದೆಂದರೆ ಹೊಸ ಆಕಾರ ಬರೆಯುವುದೆಂದು ಹಲವರು ತಿಳಿಯುತ್ತಾರೆ. ಅದಕ್ಕೂ ಮೊದಲು ಅಳತೆ, ಗೆರೆಯ ದಪ್ಪ ಇವೆರಡನ್ನು ನೋಡಬೇಕು. ಮುಕ್ಕಾಲು ಪಾಲು ಅತೃಪ್ತಿ ಅಲ್ಲೇ ತೀರುತ್ತದೆ. ಸರ್ಕ್ಯುಟಿಕ್ಸ್‌ನಲ್ಲಿ ಎಲ್ಲ ಅಳತೆಗಳಿಗೂ ಮೂಲವಾಗಿ ಒಂದು ಉದ್ದವಿದೆ, 1.4 ಸೆಂಟಿಮೀಟರ್. ರೆಸಿಸ್ಟರ್ ಅದರ ಹತ್ತರಲ್ಲಿ ಎಂಟು ಪಾಲು ಅಗಲ, ಹತ್ತರಲ್ಲಿ ಮೂರು ಪಾಲು ಎತ್ತರ. ಚಿಹ್ನೆಯ ಗೆರೆ ತಂತಿಯ ಗೆರೆಗಿಂತ ಎರಡು ಪಟ್ಟು ದಪ್ಪ. ಈ ಎರಡು ಪಟ್ಟು ಪುಸ್ತಕದ ಪುಟಕ್ಕೆ ಚೆಂದ. ಡಬ್ಬಿಯ ಮುಚ್ಚಳಕ್ಕೆ ಮಾತ್ರ ಹೊಂದುವುದಿಲ್ಲ: ಅಲ್ಲಿ ಜನ ನೋಡುವುದು ತಂತಿಯ ಜಾಡನ್ನು, ಎಲ್ಲಿಂದ ಹೊರಟಿತು, ಎಲ್ಲಿ ಮುಟ್ಟಿತು ಎಂದು. ಹಾಗಾಗಿ ನಾನು ತಂತಿಯನ್ನೇ ದಪ್ಪ ಮಾಡಿ, ಚಿಹ್ನೆಯ ಗೆರೆಯನ್ನು ಅದಕ್ಕೆ ಸಮನಾಗಿ ಇಳಿಸುತ್ತೇನೆ. ರೆಸಿಸ್ಟರ್‌ಗಳು, ಕೆಪಾಸಿಟರ್‌ಗಳು, ಮೂಲಗಳು, ಸ್ವಿಚ್ಚುಗಳು ಹೀಗೆ ಒಂದೊಂದು ವರ್ಗಕ್ಕೂ ಬೇರೆ ಬೇರೆ ಪ್ರಮಾಣ ಕೊಡಬಹುದು. ಕೆಪಾಸಿಟರನ್ನು ಕೊಂಚ ಕಿರಿದಾಗಿಸಿ, ಮೋಟಾರಿನ ವೃತ್ತವನ್ನು ಹಿರಿದಾಗಿಸಿದರೆ ಚಿತ್ರಕ್ಕೆ ತೂಕ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಚಿತ್ರ ಕಿರಿದಾಗಲೆಂದು ಬರೀ ಒಟ್ಟು ಪ್ರಮಾಣವನ್ನು ಇಳಿಸಿದರೆ ಬಿಂದುಗಳು ಹತ್ತಿರ ಬರುತ್ತವೆ, ಚಿಹ್ನೆಗಳು ಮಾತ್ರ ಇದ್ದಷ್ಟೇ ದೊಡ್ಡದಾಗಿ ಉಳಿದು ಒಂದಕ್ಕೊಂದು ಹಾಯುತ್ತವೆ. ಆಕಾರವೂ ಜೊತೆಗೇ ಇಳಿಯಲಿ ಎಂದು ಬೇರೆ ಹೇಳಬೇಕು. ಹೇಳಿದರೆ ಅಕ್ಷರಗಳೂ ಕುಗ್ಗುತ್ತವೆ. ಆದ್ದರಿಂದ ಮೊದಲೇ ಕಾಗದದ ಅಳತೆ ಗೊತ್ತುಮಾಡಿಕೊಂಡು, ಮೂಲ ಉದ್ದವನ್ನೇ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಇನ್ನು ಡಬ್ಬಿಯೊಳಗಿನ ಕತೆ. ಹಸಿರು ಗುಂಡಿ ಒತ್ತಿದಾಗ ಒಂದು ಫೇಸಿನಿಂದ ಹೊರಟ ಕರೆಂಟು ಕೆಂಪು ಗುಂಡಿಯ ಮುಚ್ಚಿದ ಸಂಪರ್ಕ, ಹಸಿರು ಗುಂಡಿ, ಓವರ್‌ಲೋಡ್ ರಿಲೇಯ ಸಂಪರ್ಕ ಎಲ್ಲವನ್ನೂ ದಾಟಿ ಕಾಂಟ್ಯಾಕ್ಟರಿನ ಕಾಯಿಲ್ ಮೂಲಕ ಇನ್ನೊಂದು ಫೇಸಿಗೆ ಸೇರುತ್ತದೆ. ಕಾಯಿಲ್ ಕಬ್ಬಿಣವನ್ನು ಸೆಳೆಯುತ್ತದೆ, ಮೂರು ದೊಡ್ಡ ಸಂಪರ್ಕಗಳು ಒಟ್ಟಿಗೆ ಕೂಡಿ ಮೋಟಾರ್ ಏಳುತ್ತದೆ. ಜೊತೆಯಲ್ಲೇ ಕೂಡುವ ನಾಲ್ಕನೆಯ ಚಿಕ್ಕ ಸಂಪರ್ಕ ಹಸಿರು ಗುಂಡಿಗೆ ಪಕ್ಕದ ದಾರಿಯಾಗಿ ನಿಲ್ಲುತ್ತದೆ. ಬೆರಳು ತೆಗೆದರೂ ಕಾಯಿಲ್ ಹಿಡಿದೇ ಇರುತ್ತದೆ. ಕರೆಂಟು ಹೋದರೆ ಎಲ್ಲವೂ ಬಿಟ್ಟುಕೊಳ್ಳುತ್ತದೆ, ಮರಳಿ ಬಂದರೂ ಮೋಟಾರ್ ತಾನಾಗಿ ಏಳುವುದಿಲ್ಲ. ತ್ರೀ ಫೇಸ್ ಕರೆಂಟು ಅಪರಾತ್ರಿ ಬಂದಾಗ ಟಾರ್ಚ್ ಹಿಡಿದು ಗದ್ದೆಗೆ ಹೋಗುವ ರೈತನಿಗೆ ಈ ಚಿಕ್ಕ ಸಂಪರ್ಕದ ಗುಣ ಬಹಳ ಚೆನ್ನಾಗಿ ಗೊತ್ತು.

ಗುಂಡಿಗಳ ಚಿಹ್ನೆಗಳು ಸರ್ಕ್ಯುಟಿಕ್ಸ್‌ನಲ್ಲಿ ಸಿದ್ಧವಾಗಿವೆ, ತೆರೆದದ್ದೂ ಮುಚ್ಚಿದ್ದೂ. ಫ್ಯೂಜ್ ಇದೆ, ನಮ್ಮವರು ಕಿಟ್‌ಕ್ಯಾಟ್ ಎನ್ನುವ ಪಿಂಗಾಣಿ ಫ್ಯೂಜಿಗೂ ಅದೇ ಸಾಕು. ಕಾಂಟ್ಯಾಕ್ಟರನ್ನು ಮಾತ್ರ ಮೂರು ಸಂಪರ್ಕ, ಒಂದು ಕಾಯಿಲ್, ಒಂದು ಸಹಾಯಕ ಸಂಪರ್ಕ ಸೇರಿದ ಒಂದೇ ಘಟಕವಾಗಿ ನಾನೇ ಕಟ್ಟಿಕೊಂಡೆ. ಇದಕ್ಕೆ ಎರಡು ದಾರಿ. ಟಿಕ್ಸ್‌ನ ತಳಪಾಯಕ್ಕೆ ಇಳಿದು ಹೊಸ ಆಕಾರವನ್ನು ಘೋಷಿಸುವುದು ಒಂದು. ಅದು ಗಟ್ಟಿ ಕೆಲಸ, ಒಂದೊಂದು ಮೂಲೆಯ ಲೆಕ್ಕವನ್ನೂ ಬರೆಯಬೇಕು. ಇರುವ ಚಿಹ್ನೆಗಳನ್ನು ಜೋಡಿಸಿ ಉಪಸರ್ಕ್ಯೂಟ್ ಮಾಡಿ ಅದಕ್ಕೊಂದು ಹೆಸರಿಡುವುದು ಇನ್ನೊಂದು. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ. ಒಂದೇ ಶಿಸ್ತು ಪಾಲಿಸಬೇಕು: ಒಳಗಿನ ಪ್ರತಿ ಬಿಂದುವನ್ನೂ ಹಿಂದಿನ ಬಿಂದುವಿನಿಂದ ಇಷ್ಟು ಬಲಕ್ಕೆ, ಇಷ್ಟು ಕೆಳಕ್ಕೆ ಎಂದು ಸಾಪೇಕ್ಷವಾಗಿಯೇ ಹೇಳಬೇಕು. ಆಗಲೇ ಆ ಘಟಕವನ್ನು ಪುಟದ ಯಾವ ಜಾಗದಲ್ಲಾದರೂ ಇಡಬಹುದು.

ಇದಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡಬೇಕಾದ ಕೆಲಸ ತುದಿಗಳಿಗೆ ಹೆಸರಿಡುವುದು. ಚಿಹ್ನೆ ಎಷ್ಟೇ ಸುಂದರವಾಗಿರಲಿ, ತಂತಿ ಬಂದು ಸೇರುವ ತುದಿಗೆ ಹೆಸರಿಲ್ಲದಿದ್ದರೆ ಅದು ಬರೀ ಚಿತ್ತಾರ. ಎಡತುದಿ, ಬಲತುದಿ, ಮೇಲಿನ ಎರಡನೆಯದು ಎಂಬಂಥ ಹೆಸರುಗಳು ಕೋಡಿನಲ್ಲಿ ಆರು ತಿಂಗಳು ಬಾಳುವುದಿಲ್ಲ. ಕಾಂಟ್ಯಾಕ್ಟರಿನ ಮೈಮೇಲೆ ಸ್ಕ್ರೂಗಳ ಪಕ್ಕದಲ್ಲಿ ಆಗಲೇ ಹೆಸರುಗಳಿವೆ: ಮೇಲೆ 1, 3, 5, ಕೆಳಗೆ 2, 4, 6, ಕಾಯಿಲ್‌ಗೆ ಎ1, ಎ2, ತೆರೆದ ಸಹಾಯಕ ಸಂಪರ್ಕಕ್ಕೆ 13, 14, ಓವರ್‌ಲೋಡ್ ರಿಲೇಯ ಮುಚ್ಚಿದ ಸಂಪರ್ಕಕ್ಕೆ 95, 96. ನಾನು ಕೋಡಿನಲ್ಲೂ ಇವೇ ಅಂಕಿಗಳನ್ನು ಇಟ್ಟೆ. 96ರಿಂದ ಎ1ಕ್ಕೆ ಗೆರೆ ಎಂದು ಕೋಡು ಹೇಳುತ್ತದೆ. 96ರ ಸ್ಕ್ರೂವಿನಿಂದ ಎ1ರ ಸ್ಕ್ರೂವಿಗೆ ವೈರ್ ಎಂದು ವೈರ್‌ಮನ್ ಹೇಳುತ್ತಾನೆ. ಎರಡೂ ಒಂದೇ ವಾಕ್ಯ. ಅಚ್ಚಾದ ಚಿತ್ರದಲ್ಲೂ ಆ ಅಂಕಿಗಳು ಸಣ್ಣಗೆ ಮೂಡುತ್ತವೆ. ಹಳಿಯಾಳದಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಹಿರಿಯರೊಬ್ಬರಿಗೆ ಮೊದಲ ಪ್ರತಿ ತೋರಿಸಿದಾಗ ಅವರು ಬೆರಳಿಟ್ಟದ್ದು ಆ ಅಂಕಿಗಳ ಮೇಲೇ. “ಇದು ಛಲೋ ಆತು ನೋಡ್ರಿ ಸರ. ಹುಡುಗರಿಗೆ ಫೋನಿನಾಗ ಹೇಳಾಕ ಬರ್ತೈತಿ” ಎಂದರು.

ಆಕಾರದ ವಿಷಯದಲ್ಲಿ ನಾನು ಬಿಗಿ. ಐಇಸಿ ರೂಪದಲ್ಲಿ ಕಾಯಿಲ್ ಕೂಡ ಆಯತವೇ, ರೆಸಿಸ್ಟರಿನ ಹಾಗೆ. ವ್ಯತ್ಯಾಸ ಇಷ್ಟೇ: ರೆಸಿಸ್ಟರಿಗೆ ತಂತಿ ಬರುವುದು ಗಿಡ್ಡ ಬದಿಗಳಿಗೆ, ಕಾಯಿಲ್‌ಗೆ ಉದ್ದ ಬದಿಗಳಿಗೆ. ಆಯತವನ್ನು ಚೌಕಕ್ಕೆ ಹತ್ತಿರ ತಂದರೆ ಈ ಭೇದವೇ ಅಳಿಸಿಹೋಗುತ್ತದೆ. ಹಾಗಾಗಿ ಕಾಯಿಲ್‌ನ ಉದ್ದವನ್ನು ಎತ್ತರದ ಎರಡು ಪಟ್ಟಿಗಿಂತ ಕಡಿಮೆ ಇಡಬಾರದೆಂಬುದು ನನ್ನ ನಿಯಮ. ಸಂಪರ್ಕದ ತುದಿಯಲ್ಲಿ ಕೂರುವ ಪುಟ್ಟ ಅರ್ಧವೃತ್ತವೂ ಹಾಗೆಯೇ. ಅದಿದ್ದರೆ ಕಾಂಟ್ಯಾಕ್ಟರ್. ಅದರ ಜಾಗದಲ್ಲಿ ಗುಣಾಕಾರದ ಗುರುತಿದ್ದರೆ ಸರ್ಕ್ಯೂಟ್ ಬ್ರೇಕರ್, ಅಡ್ಡಗೀಟಿದ್ದರೆ ಐಸೋಲೇಟರ್. ಇವು ಅಲಂಕಾರವಲ್ಲ. ಚಿತ್ರ ನೋಡಿ ಯಾವುದನ್ನು ಲೋಡ್ ಇರುವಾಗಲೇ ತೆರೆಯಬಹುದು, ಯಾವುದನ್ನು ತೆರೆಯಬಾರದು ಎಂದು ಕೆಲಸದವನು ತಿಳಿಯುವುದು ಈ ಕಾಳಿನಷ್ಟು ಗುರುತುಗಳಿಂದ. ಮೂರು ಸಂಪರ್ಕಗಳನ್ನು ಕೂಡಿಸುವ ತುಂಡುಗೆರೆಯನ್ನೂ ಬಿಡಬಾರದು. ಮೂರೂ ಒಂದೇ ದಂಡಕ್ಕೆ ಕಟ್ಟಿಕೊಂಡು ಚಲಿಸುತ್ತವೆ ಎಂದು ಹೇಳುವುದು ಅದೊಂದೇ.

ಚಿತ್ರದಲ್ಲಿ ಚಿಹ್ನೆಗಳ ಪಕ್ಕ ಬರೆಯುವ ಹೆಸರುಗಳು ಕನ್ನಡದಲ್ಲಿರಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಟೆಕ್‌ನಲ್ಲಿ ಕನ್ನಡ ಬರೆಯುವುದು ಒಂದು ಕಾಲಕ್ಕೆ ಸಾಹಸದ ಕೆಲಸವಾಗಿತ್ತು. ಶ್ರೀರಂಗಪಟ್ಟಣದಲ್ಲಿ ಶ್ರೀರಂಗ ಡಿಜಿಟಲ್ ಕಟ್ಟಿದ ಗಣಿತಜ್ಞ ಸಿ. ಎಸ್. ಯೋಗಾನಂದರಂಥವರು ಆ ದಾರಿಯಲ್ಲಿ ದುಡಿದಿದ್ದಾರೆ. ಈಗ ಯೂನಿಕೋಡ್ ಬಲ್ಲ ಲೇಟೆಕ್ ಆದ ಝೀಲೇಟೆಕ್ ಇದ್ದರೆ ಕನ್ನಡದ ಯಾವುದೇ ಯೂನಿಕೋಡ್ ಅಕ್ಷರಶೈಲಿಯಿಂದ ಬರಹ ನೇರವಾಗಿ ಮೂಡುತ್ತದೆ. ಉಳಿದಿರುವುದು ಒತ್ತಕ್ಷರದ ಪ್ರಶ್ನೆ. ಸರ್ಕ್ಯುಟಿಕ್ಸ್ ಹೆಸರುಪಟ್ಟಿಗೆ ಬಿಡುವ ಜಾಗ ಆರ್‌1, ಸಿ2 ಎಂಬಂಥ ಗಿಡ್ಡ ಗುರುತುಗಳಿಗೆ ಸಾಕು. ‘ಸ್ಟಾರ್ಟ್’ ಎಂದು ಬರೆದರೆ ಟ ಒತ್ತು ಕೆಳಗಿಳಿದು ಗುಂಡಿಯ ಚಿಹ್ನೆಯ ನೆತ್ತಿಗೆ ತಾಗುತ್ತದೆ. ಒತ್ತಿಲ್ಲದ ‘ಕಾಯಿಲ್’ ಒಂದು ಎತ್ತರದಲ್ಲಿ ನಿಲ್ಲುತ್ತದೆ, ಒತ್ತಿರುವ ‘ಕಾಂಟ್ಯಾಕ್ಟರ್’ ಬೇರೆ ಎತ್ತರಕ್ಕೆ ಹೋಗುತ್ತದೆ, ಸಾಲು ಓರೆಕೋರೆ ಕಾಣುತ್ತದೆ. ಪರಿಹಾರ ಸುಲಭ. ಎಲ್ಲ ಹೆಸರುಗಳಿಗೂ ಒತ್ತಿನಷ್ಟು ಆಳದ, ಕಾಣದ ಕಂಬವೊಂದನ್ನು ಜೊತೆಗೂಡಿಸಿ ಅಂತರ ತುಸು ಹೆಚ್ಚಿಸಿದರೆ ಪಟ್ಟಿಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ಕನ್ನಡದಲ್ಲಿ ಸರ್ಕ್ಯೂಟ್ ಬರೆಯುವ ಪ್ರತಿಯೊಬ್ಬರೂ ಈ ಎರಡು ಸಾಲನ್ನು ತಮ್ಮ ಶೈಲಿಯ ಕಡತದಲ್ಲಿ ಮೊದಲೇ ಬರೆದಿಟ್ಟುಕೊಳ್ಳಲಿ.

ಶೈಲಿಯ ಕಡತ ಎಂದೆ. ಅಳತೆ, ದಪ್ಪ, ಕಾಂಟ್ಯಾಕ್ಟರ್, ಕಾಯಿಲ್, ಒತ್ತಿನ ಕಂಬ ಎಲ್ಲವನ್ನೂ ಒಂದು ಕಡತದಲ್ಲಿಟ್ಟು ಪ್ರತಿ ಚಿತ್ರದ ಆರಂಭದಲ್ಲಿ ಕರೆದರಾಯಿತು. ಅದೇ ಕಡತದಿಂದ ನಾನು ಡಬ್ಬಿಯಿಂದ ಮೇಲಕ್ಕೆ ಹತ್ತುವ ಇನ್ನೊಂದು ಚಿತ್ರ ಬರೆಯುತ್ತಿದ್ದೇನೆ. ಗದ್ದೆಯಾಚೆ ವಿದ್ಯುತ್ ಕಂಪನಿ ಹೆಸ್ಕಾಂನ ಟಿಸಿ: 11 ಕಿಲೋವೋಲ್ಟ್‌ನಿಂದ 433 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್, ಒಂದು ಬದಿ ಡೆಲ್ಟಾ, ಇನ್ನೊಂದು ಬದಿ ಸ್ಟಾರ್. ಒಂದರ ಮೇಲೊಂದು ಅರ್ಧ ಹಾದ ಎರಡು ವೃತ್ತ ಅದರ ಚಿಹ್ನೆ. ಒಂದರೊಳಗೆ ತ್ರಿಕೋನವನ್ನೂ ಇನ್ನೊಂದರೊಳಗೆ ಮೂರು ಕವಲಿನ ನಕ್ಷತ್ರವನ್ನೂ ಕೂರಿಸಲು ಸರ್ಕ್ಯುಟಿಕ್ಸ್‌ನಲ್ಲೇ ಅವಕಾಶವಿದೆ. ಅಲ್ಲಿಂದ ಇನ್ನೂ ಮೇಲೆ ಹೋದರೆ ಕಾಳಿ ನದಿ: 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರ, ಕೆಳಗೆ ಅಂಬಿಕಾನಗರದ ಬಳಿ ನಾಗಝರಿಯ ಆರು ಯಂತ್ರ. ಈ ಮಟ್ಟದಲ್ಲಿ ಮೂರು ತಂತಿಯನ್ನು ಮೂರಾಗಿ ಬರೆಯುವುದಿಲ್ಲ. ಒಂದೇ ಗೆರೆ ಎಳೆದು ಮೇಲೆ ಮೂರು ಓರೆಗೀಟು ಹಾಕುತ್ತಾರೆ. ಆ ಗೀಟಿಗೂ ಸಿದ್ಧ ಚಿಹ್ನೆಯಿದೆ. ಗದ್ದೆಯ ಡಬ್ಬಿಯೂ ನಾಗಝರಿಯ ಜನರೇಟರೂ ಒಂದೇ ದಪ್ಪದ ಗೆರೆಯಲ್ಲಿ ಎದುರುಬದುರು ಪುಟದಲ್ಲಿ ಬಂದಾಗ, ಈ ಕರೆಂಟು ಆ ನೀರಿನದೇ ಎಂದು ಹೈಸ್ಕೂಲಿನ ಹುಡುಗಿಗೂ ಬೆರಳಿಟ್ಟು ತೋರಿಸಬಹುದು.

ಹಳಿಯಾಳದಲ್ಲೇ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಕಾಲೇಜಿದೆ. ಅಲ್ಲಿನಂಥ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಬರೆಯುವಾಗ ಇಂಥ ಕಡತವೊಂದನ್ನು ತರಗತಿಗೆಲ್ಲ ಒಂದರಂತೆ ಮಾಡಿಕೊಳ್ಳಬಹುದು. ಮುಂದಿನ ವರ್ಷದವರು ಅದಕ್ಕೆ ತಮ್ಮ ಚಿಹ್ನೆ ಸೇರಿಸಲಿ. ಮೈಕ್ರೋಕಂಟ್ರೋಲರಿನಂಥ ಚಿಪ್‌ಗಳಿಗೆ ಪಿನ್ನುಗಳ ಸಂಖ್ಯೆ ಕೊಟ್ಟರೆ ತಾನೇ ಬೆಳೆಯುವ ಆಯತ ಸರ್ಕ್ಯುಟಿಕ್ಸ್‌ನಲ್ಲಿ ಇದ್ದೇ ಇದೆ, ಅದರಿಂದ ಶುರುಮಾಡುವುದು ಹಗುರ.

ನನ್ನ ಮುಂದಿನ ಕೆಲಸ ಸ್ಟಾರ್-ಡೆಲ್ಟಾ ಸ್ಟಾರ್ಟರ್. ದೊಡ್ಡ ಮೋಟಾರಿಗೆ ಅದೇ ಬೇಕು. ಕಾಂಟ್ಯಾಕ್ಟರ್ ಅಲ್ಲಿ ಮೂರು, ಅಂದರೆ ಕಟ್ಟಿಟ್ಟ ಘಟಕವನ್ನು ಮೂರು ಸಲ ಕರೆದರೆ ಆಯಿತು. ಆದರೆ ಸ್ಟಾರಿನದೂ ಡೆಲ್ಟಾದ್ದೂ ಒಟ್ಟಿಗೆ ಕೂಡಿದರೆ ಫೇಸಿಗೆ ಫೇಸ್ ಶಾರ್ಟ್ ಆಗುತ್ತದೆ. ಅದಕ್ಕೆಂದೇ ಒಂದರ ಕಾಯಿಲ್ ದಾರಿಯಲ್ಲಿ ಇನ್ನೊಂದರ ಮುಚ್ಚಿದ ಸಂಪರ್ಕ ಇಡುತ್ತಾರೆ, ಕೆಲವುಗಳಲ್ಲಿ ಯಾಂತ್ರಿಕ ತಡೆಯೂ ಇರುತ್ತದೆ. ಆ ತಡೆಯ ಗುರುತು ತುಂಡುಗೆರೆಯ ನಡುವೆ ಕೂರುವ ಪುಟ್ಟ ತ್ರಿಕೋನ. ನನ್ನ ಘಟಕದಲ್ಲಿ ಆ ತ್ರಿಕೋನ ಹಿಡಿಯಲು ತುದಿಯೇ ಇಲ್ಲ. ತುಂಡುಗೆರೆಯ ಎರಡೂ ಕೊನೆಗಳಿಗೆ ಹೆಸರು ಕೊಟ್ಟು ಕಡತವನ್ನು ತಿದ್ದಬೇಕು, ಮುಚ್ಚಿದ ಸಹಾಯಕ ಸಂಪರ್ಕಕ್ಕೆ 21, 22 ಸೇರಿಸಬೇಕು. ತಿದ್ದಿದ ಮೇಲೆ ಹಳೆಯ ಚಿತ್ರಗಳನ್ನೆಲ್ಲ ಒಮ್ಮೆ ಮತ್ತೆ ಓಡಿಸಿ, ಯಾವ ತಂತಿಯೂ ಜಾಗ ಬಿಟ್ಟಿಲ್ಲವೆಂದು ನೋಡಿಯೇ ಅಚ್ಚಿಗೆ ಕಳಿಸುತ್ತೇನೆ.